ದಿಬ್ಬ ಹತ್ತುವ ಸೈಕಲ್ಲು

ಅವಳನ್ನು ಎಲ್ಲರೂ ಕೈಕಾಲಕ್ಕ ಎನ್ನುತ್ತಿದ್ದರು. ಲಕ್ವ ಹೊಡೆದು ಮಲಗಿದವರು, ಸೊಂಟ ಮುರಿದುಕೊಂಡವರು, ತಲೆಗೆ ಪೆಟ್ಟು ಬಿದ್ದು ಅರ್ಧ ಮೈ ಕಳೆದುಕೊಂಡವರು, ಇಂಥವರ ಮನೆಮನೆಗೆ ಹೋಗಿ ಕೈಕಾಲು ಆಡಿಸಿ, ಮಡಿಸಿ, ಬಿಡಿಸಿ ಬರುವುದು ಅವಳ ಕಸುಬು. ಯಾರೋ ತಮಾಷೆಗೆ ಇಟ್ಟ ಹೆಸರನ್ನು ಅವಳು ಪದವಿಯಂತೆ ಹೊತ್ತುಕೊಂಡಿದ್ದಳು. "ಡಾಕ್ಟರುಗಳಲ್ಲಿ ಒಂದೊಂದು ಅಂಗಕ್ಕೆ ಒಬ್ಬೊಬ್ಬರು ಇರ್ತಾರೆ. ಕೈಕಾಲು ನಾಲ್ಕಕ್ಕೂ ನಾನೊಬ್ಬಳೇ," ಎನ್ನುತ್ತಿದ್ದಳು. ಬೇರೆಯವರ ಮಂಡಿ ಮಡಿಸಿ ಮಡಿಸಿ ತನ್ನ ಮಂಡಿ ಸವೆಸಿಕೊಂಡಿದ್ದಳು. ಮೆಟ್ಟಿಲು ಹತ್ತುವಾಗ ಅದು ಹಳೆಯ ಬಾಗಿಲಿನಂತೆ ಕಿರ್ ಎನ್ನುತ್ತಿತ್ತು.

ಅವಳನ್ನು ಕೆಲಸಕ್ಕಿಟ್ಟುಕೊಂಡ ಕಂಪನಿಯ ವ್ಯಾನಿನ ಮೇಲೆ ‘ಆರೈಕೆ ನಿಮ್ಮ ಬಾಗಿಲಿಗೇ’ ಎಂದು ಹಸಿರು ಬಣ್ಣದಲ್ಲಿ ಬರೆದಿತ್ತು. ಆ ಬಾಗಿಲು ಎಷ್ಟು ಎತ್ತರದಲ್ಲಿರಬಹುದು ಎಂದು ಬರೆದಿರಲಿಲ್ಲ. ಬರೆಯದೆ ಬಿಟ್ಟ ಮಾತಿನಲ್ಲೇ ಕಂಪನಿಗಳ ಬದುಕಿರುವುದು.

ಊರಂಚಿನ ದಿಬ್ಬದ ತುದಿಯ ಮನೆಯಲ್ಲಿ ಶೀಟಣ್ಣ ಇದ್ದ. ಶೆಡ್ಡು, ಗೋದಾಮುಗಳಿಗೆ ಮಾಡಿನ ಶೀಟು ಹೊದಿಸುತ್ತಿದ್ದವನು. ಸೊಂಟಕ್ಕೆ ಕಟ್ಟಿಕೊಳ್ಳಲು ಹಗ್ಗ ಕೇಳಿದಾಗ ಕಂಟ್ರಾಕ್ಟರು, "ಇಷ್ಟು ವರ್ಷ ಹತ್ತಿದವನಿಗೆ ಹಗ್ಗ ಯಾಕಯ್ಯ, ನೀನೇನು ದನವಾ?" ಎಂದು ನಕ್ಕಿದ್ದನಂತೆ. ಅದೇ ವಾರ ಶೀಟಣ್ಣ ಮೇಲಿನಿಂದ ಬಿದ್ದ. ದನಕ್ಕಾದರೂ ಹಗ್ಗ ಇರುತ್ತದೆ ಎಂದು ಆ ಕಂಟ್ರಾಕ್ಟರಿಗೆ ಯಾರೂ ಹೇಳಲಿಲ್ಲ.

ತಲೆಗೆ ಬಿದ್ದ ಪೆಟ್ಟಿನಿಂದ ಅವನ ಎಡಗಾಲು ಎಳೆಯುವಂತಾಯಿತು, ಎಡಗೈ ಮುಷ್ಟಿ ಕಟ್ಟಿಕೊಂಡಿತು. ಮೂರನೆಯದೊಂದು ನಷ್ಟ ಆಸ್ಪತ್ರೆಯವರ ಗಮನಕ್ಕೆ ಬರಲಿಲ್ಲ. ಮಾತಿನ ಎರಡನೆಯ ಅರ್ಥ ಅವನಿಗೆ ಕೇಳಿಸುವುದು ನಿಂತುಹೋಯಿತು. ಆಡಿದ ಮಾತು ಆಡಿದಷ್ಟೇ ಕಿವಿಗೆ ಬೀಳುತ್ತಿತ್ತು.

"ಅಣ್ಣಾ, ತಲೆ ತಿನ್ನಬೇಡ," ಎಂದು ತಂಗಿ ರೇಗಿದರೆ, "ನಾನು ತಿಂದಿದ್ದು ಬ್ರೆಡ್ಡು," ಎನ್ನುತ್ತಿದ್ದ. ಪಕ್ಕದ ಮನೆಯವಳು ಯಾರದೋ ಹೊಸ ಮನೆ ನೋಡಿ ಬಂದು, "ಹೊಟ್ಟೆ ಉರೀತಿದೆ ಕಣೇ," ಎಂದರೆ, ಒಳಗಿನಿಂದ ಇವನು, "ತಣ್ಣೀರು ಕುಡೀರಿ," ಎಂದು ಕೂಗುತ್ತಿದ್ದ. ನಗುವವರು ನಕ್ಕರು. ತಂಗಿಯೊಬ್ಬಳು ನಗಲಾರದೆ ಹೋದಳು. ಅವಳು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು, ಅವನನ್ನು ಬಿಟ್ಟರೆ ಅವಳಿಗೆ ಯಾರೂ ಇರಲಿಲ್ಲ.

ಕೈಕಾಲಕ್ಕ ಮಾತ್ರ ಅವನ ಮುಂದೆ ಮಾತನ್ನು ತೊಳೆದು, ಒಣಗಿಸಿ ಆಡುವುದನ್ನು ಕಲಿತಳು. ‘ಇನ್ನೊಂಚೂರು’ ಎನ್ನುವ ಹಾಗಿಲ್ಲ. ‘ಬೆರಳು ಈ ಗೆರೆಯ ತನಕ’ ಎಂದೇ ಹೇಳಬೇಕು. ‘ಸುಮ್ಮನೆ ಹಾಗೇ ಇರು’ ಎಂದರೆ ಅವಳು ಮರಳಿ ಹೇಳುವವರೆಗೂ ಹಾಗೇ ಇರುತ್ತಿದ್ದ. ಒಮ್ಮೆ ಅವಳು ಹಾಗೆಂದು ಹೇಳಿ ನೀರು ತರಲು ಹೋದವಳು ಪಕ್ಕದ ಮನೆಯವಳ ಜೊತೆ ಮಾತಿಗೆ ನಿಂತುಬಿಟ್ಟಳು. ಬಂದು ನೋಡಿದರೆ ಇವನು ಮೇಲಕ್ಕೆತ್ತಿದ ಬಲಗೈ ನಡುಗುತ್ತಿದ್ದರೂ ಇಳಿಸದೆ ಕೂತಿದ್ದ. "ಇಳಿಸಬಾರದಿತ್ತಾ ಮಾರಾಯ?" ಎಂದಳು. "ನೀನು ಹೇಳಲಿಲ್ಲ," ಎಂದ.

ಬೇಸಿನ್ನಿನ ಬಿಸಿನೀರಲ್ಲಿ ಆ ಎಡಗೈಯನ್ನು ನೆನೆಸಿಡುತ್ತಿದ್ದಳು. ಮಣಿಕಟ್ಟನ್ನು ಒಳಕ್ಕೆ ಬಾಗಿಸಿದರೆ ಮುಷ್ಟಿ ತಾನಾಗಿ ಸ್ವಲ್ಪ ಸಡಿಲವಾಗುತ್ತದೆ. ಆ ಸಡಿಲದಲ್ಲಿ ಮೊದಲು ಹೆಬ್ಬೆರಳು, ಆಮೇಲೆ ಉಳಿದವು. ಬಿಚ್ಚಿದ ಅಂಗೈಯಲ್ಲಿ ಸುತ್ತಿದ ಬಟ್ಟೆ ಇಟ್ಟು ಬರಬೇಕು. ದಿನ ತಪ್ಪಿಸುವಂತಿಲ್ಲ. ಲಕ್ವದ ಕೈಗೆ ಹಿಡಿಯುವುದು ಬರುತ್ತದೆ, ಬಿಡುವುದೇ ಬಾರದು. ತಂಗಿ ಲಾಂಡ್ರಿಯಿಂದ ತಂದ ಬಟ್ಟೆ ಕ್ಲಿಪ್ಪನ್ನು ಆ ಬೆರಳುಗಳ ನಡುವೆ ಸಿಕ್ಕಿಸಿ, "ಬಿಡು, ಬಿಡು," ಎಂದು ಅವಳು ಕಾಯುತ್ತಿದ್ದಳು.

ಒಂದು ದಿನ ಕ್ಲಿಪ್ಪು ಟಪ್ಪೆಂದು ನೆಲಕ್ಕೆ ಬಿತ್ತು.

"ಬಿದ್ದೋಯ್ತು," ಎಂದು ಅವನು ಮುಖ ಸಣ್ಣಗೆ ಮಾಡಿದ.

"ಬೀಳಬೇಕಿತ್ತು ಕಣೋ! ಬೀಳಿಸಿದೆಯಲ್ಲೋ! ಭಲೇ!" ಎಂದು ಕೈಕಾಲಕ್ಕ ಅವನ ಬೆನ್ನಿಗೆ ಗುದ್ದಿದಳು.

ಅವನು ಯೋಚಿಸಿ ಹೇಳಿದ: "ನಾನು ಬಿದ್ದಾಗ ಯಾರೂ ಭಲೇ ಅನ್ನಲಿಲ್ಲ."

ಆ ಕೈ ಬಿಚ್ಚುವ ದಾರಿ ಹಿಡಿದಿತ್ತು. ದಿನಾ ಬಿಡಿಸುತ್ತಾ ಹೋದರೆ ಲೋಟ ಹಿಡಿದು ಇಡುವಷ್ಟಾದರೂ ಆಗುತ್ತದೆ, ಬಿಟ್ಟರೆ ಕಟ್ಟಿಗೆಯಾಗುತ್ತದೆ. ಇದು ಅವಳಿಗೂ ಗೊತ್ತು, ತಂಗಿಗೂ ಗೊತ್ತು.

ಹೀಗಿರುವಾಗ ದಿಬ್ಬದ ರಸ್ತೆಯ ಒಂದು ಮಗ್ಗುಲು ಮಳೆಗೆ ಕುಸಿಯಿತು. ನಗರಸಭೆಯವರು ಬಂದರು, ನೋಡಿದರು, ರಸ್ತೆ ಕಟ್ಟುವ ಬದಲು ಕಬ್ಬಿಣದ ಗೂಟ ನೆಟ್ಟು ಹೋದರು. ಕಾರು, ವ್ಯಾನು, ಸ್ಕೂಟರು ಯಾವುದೂ ಮೇಲೆ ಹೋಗುವಂತಿಲ್ಲ. ಜನ ನಡೆಯಬಹುದು, ಸೈಕಲ್ಲು ಹೋಗಬಹುದು. ಗೂಟದಿಂದಾಚೆ ಜಲ್ಲಿ, ಕೊರಕಲು, ಕಡಿದಾದ ಏರು. ಕಂಪನಿಯಲ್ಲಿ ಮೀಟಿಂಗು ಕರೆದರು.

ಮೇಲ್ವಿಚಾರಕನಿಗೆ ಹುಡುಗಿಯರು ಇಟ್ಟ ಹೆಸರು ಮೆಸೇಜ್ ಸಾರ್. ಎದುರಿಗೆ ಕೂತವರಿಗೂ ಫೋನಿನಲ್ಲೇ ಸುದ್ದಿ ಕಳಿಸುವ ಜಾತಿ. ಅಂದು ಮಾತ್ರ ಬಾಯಿಬಿಟ್ಟ. "ನೋಡಿ, ಈಗ ಎಲೆಕ್ಟ್ರಿಕ್ ಮೌಂಟೇನ್ ಬೈಕ್ ಅಂತ ಬಂದಿದೆ. ಹೆಸರಿಗೆ ಸೈಕಲ್ಲು, ಒಳಗೆ ಮೋಟಾರು. ಎಂಥಾ ದಿಬ್ಬ ಆದ್ರೂ ಹತ್ತುತ್ತೆ. ಸ್ವಂತ ಆಸಕ್ತಿಯಿಂದ ಯಾರಾದ್ರೂ ತಗೊಂಡ್ರೆ ದಿಬ್ಬದ ಮನೆಗಳನ್ನ ಅವರಿಗೇ ಕೊಡ್ತೀವಿ. ಯಾರೂ ತಗೊಳ್ಳದಿದ್ರೆ ಆ ಮನೆಗಳನ್ನ ಬಿಡ್ತೀವಿ."

"ಕಂಪನಿ ಕೊಡಿಸೋದಾ ಸಾರ್?" ಎಂದಳು ಕೈಕಾಲಕ್ಕ.

"ಆಸಕ್ತಿ ನಿಮ್ಮದಲ್ವಾ?"

"ನಾನು ನಡ್ಕೊಂಡೇ ಹೋಗ್ತೀನಿ."

"ನೀವು ಕುಂಟ್ಕೊಂಡು ಹತ್ತಿ ಇಳಿಯೋ ಹೊತ್ತಿಗೆ ಕೆಳಗೆ ಎಷ್ಟು ಮನೆ ಮುಗಿಯುತ್ತೆ ಹೇಳಿ. ಇದು ಒತ್ತಾಯ ಅಲ್ಲ, ಆಯ್ಕೆ."

ಆಯ್ಕೆ! ಬಾಗಿಲು ಮುಚ್ಚಿ, ಕಿಟಕಿಗೆ ಸರಳು ಹಾಕಿ, ‘ಹೇಗೆ ಹೊರಗೆ ಹೋಗುತ್ತೀಯೋ ನಿನ್ನ ಆಯ್ಕೆ’ ಎನ್ನುವವರ ಬಾಯಲ್ಲಿ ಈ ಮಾತು ಎಷ್ಟು ಸಲೀಸಾಗಿ ಬರುತ್ತದೆ! ಕೆಲಸ ಅವರದು, ಹಸಿರು ಅಕ್ಷರ ಅವರದು, ಚಕ್ರ ಮಾತ್ರ ಕೆಲಸದವಳದ್ದು.

ಅದೇ ಕೋಣೆಯಲ್ಲಿ ಅವಳ ನಾದಿನಿಯೂ ಕೂತಿದ್ದಳು. ಗಂಡನ ತಂಗಿ, ಮದುವೆ ಮುರಿದು ಅಣ್ಣನ ಮನೆಗೆ ಬಂದವಳು. ಅತ್ತಿಗೆಯೇ ಕೈಹಿಡಿದು ಈ ಕೆಲಸ ಕಲಿಸಿ ಕಂಪನಿಗೆ ಸೇರಿಸಿದ್ದಳು. ಹುಟ್ಟಿದಾಗಿನಿಂದ ಅವಳ ಒಂದು ಸೊಂಟದ ಕೀಲು ಸರಿಯಿಲ್ಲ. ಸೈಕಲ್ಲಿನ ಸೀಟಿನ ಮೇಲೆ ಕಾಲು ಹಾಯಿಸಿ ಕೂರಲಾರಳು.

ಮನೆಗೆ ಬಂದು, ಸೊಪ್ಪು ಸೋಸುತ್ತಾ ಅವಳೇ ಮಾತು ತೆಗೆದಳು. "ಅತ್ತಿಗೆ, ನೀವು ತಗೋತೀರಾ?"

"ಶೀಟಣ್ಣನ ಕೈ ಈಗ ತಾನೇ ಬಿಡ್ತಾ ಇದೆ ಕಣೇ."

"ಗೊತ್ತು. ಆದ್ರೆ ಒಬ್ಬರು ತಗೊಂಡ್ರೆ ಮುಗೀತು. ‘ನೋಡಿ, ಅವರೇ ತಗೊಂಡಿದ್ದಾರೆ, ನಿಮಗೇನು ದಾಡಿ’ ಅಂತ ಕೆಳಗಿನ ಬೀದಿಗಳ ವ್ಯಾನೂ ನಿಲ್ಲಿಸ್ತಾರೆ. ಆಮೇಲೆ ನನ್ನಂಥವಳ ಗತಿ? ಇಷ್ಟು ದಿನ ಅವರು ನಮ್ಮನ್ನ ತುಳಿದ್ರು. ಇನ್ಮೇಲೆ ನಮ್ಮ ಕಾಲಿಂದಾನೇ ತುಳಿಸ್ತಾರೆ."

ಲಿಫ್ಟು ರಿಪೇರಿ ಮಾಡುವ ಗಂಡ ಮೂಲೆಯಲ್ಲಿ ಕೂತು ಬೂಟಿನ ಗ್ರೀಸು ಒರೆಸುತ್ತಿದ್ದವನು, "ನಾನು ಇಡೀ ಊರನ್ನ ಮೇಲೆ ಎತ್ತುತ್ತೀನಿ, ಹೆಂಡತಿಯನ್ನ ಒಂದು ದಿಬ್ಬ ಹತ್ತಿಸೋಕಾಗಲ್ಲ," ಎಂದ.

ವ್ಯಾನು ಗೂಟದ ತನಕ ಬಿಟ್ಟ ಕೊನೆಯ ದಿನ ಕೈಕಾಲಕ್ಕ ಮಂಡಿಗೆ ಪಟ್ಟಿ ಸುತ್ತಿಕೊಂಡು, ನಿಂತು ನಿಂತು ಹತ್ತಿದಳು. ಶೀಟಣ್ಣನ ತಂಗಿ ರಜೆ ಹಾಕಿ ಕೂತಿದ್ದಳು. ಕೈಕಾಲಕ್ಕ ಅವಳ ಬೆರಳುಗಳನ್ನು ತನ್ನ ಬೆರಳ ಕೆಳಗಿಟ್ಟುಕೊಂಡು, ಎಷ್ಟು ಒತ್ತಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಕಲಿಸಿದಳು. ಇಸ್ತ್ರಿಯ ಕೈ, ಬೇಗ ಕಲಿಯಿತು.

ಎಲ್ಲ ಮುಗಿದ ಮೇಲೆ ಕೈಕಾಲಕ್ಕನಿಗೆ ತಡೆಯಲಾಗಲಿಲ್ಲ. "ಕಂಪನಿಯವರು ಕೈ ಕೊಟ್ರು ಶೀಟಣ್ಣ," ಎಂದುಬಿಟ್ಟಳು.

"ಯಾರಿಗೆ ಕೊಟ್ರು?" ಎಂದ ಅವನು. "ನಂಗೊಂದು ಬೇಕಿತ್ತಲ್ಲ."

ಅವಳು ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣೊತ್ತಿಕೊಂಡು, ಮಾತು ಸರಿಪಡಿಸಿದಳು. "ನಾಳೆಯಿಂದ ವ್ಯಾನು ಬರಲ್ಲ. ಕೈ ಬಿಡಿಸೋದು ನಿನ್ನ ತಂಗಿಗೆ ಗೊತ್ತು. ಗೊತ್ತಾಯ್ತಾ?"

"ವ್ಯಾನು ಬರಲ್ಲ," ಎಂದು ಅವನು ಒಪ್ಪಿಸಿದ.

ಅವಳು ಚೀಲ ಹೆಗಲಿಗೆ ಹಾಕಿಕೊಂಡು, ಹೊಸ್ತಿಲು ದಾಟುತ್ತಾ, "ಬರ್ತೀನಿ ಶೀಟಣ್ಣ," ಎಂದಳು.

"ಹ್ಞೂಂ," ಎಂದ.

ಆಮೇಲೆ ಅವಳ ಬದುಕಿನಲ್ಲಿ ಶುರುವಾದದ್ದು ಬೇಕೋ ಬೇಡವೋ ಎಂಬ ತಿರುಗಣಿ. ಪೇಟೆಯ ಸೈಕಲ್ ಅಂಗಡಿಯ ಗಾಜಿನ ಹಿಂದೆ ಅದು ನಿಂತಿತ್ತು. ದಪ್ಪ ಟೈರು, ಕಪ್ಪು ಚೌಕಟ್ಟು, ಹೊಟ್ಟೆಯಲ್ಲಿ ಬ್ಯಾಟರಿ. ಕೆಲಸ ಮುಗಿಸಿ ಬರುವಾಗಲೆಲ್ಲ ನಿಂತು ನೋಡುತ್ತಿದ್ದಳು. ಅಂಗಡಿಯವನು, "ನೋಡೋಕೆ ಬಾಡಿಗೆ ಇಲ್ಲ ಅಕ್ಕಾ, ಒಳಗೆ ಬನ್ನಿ," ಎಂದು ಕರೆಯುತ್ತಿದ್ದ. ಒಳಗೆ ಹೋದರೆ ಶೀಟಣ್ಣನ ಕೈ ಕಣ್ಣಿಗೆ ಬರುತ್ತಿತ್ತು, ಹೊರಗೆ ಬಂದರೆ ನಾದಿನಿಯ ಸೊಂಟ. ಗಂಡ ಸೊಸೈಟಿಯಲ್ಲಿ ಕಂತಿಗೆ ಕೇಳಿ ಬಂದ, ಸಿಗುತ್ತದೆ ಎಂದ. ಹಾಗಾಗಿ ಕೊನೆಗೆ ಉಳಿದದ್ದು ದುಡ್ಡಿನ ಪ್ರಶ್ನೆಯಲ್ಲ. ಯಾರನ್ನು ಬಿಡಬೇಕು ಎಂಬ ಪ್ರಶ್ನೆ. ಮೆಸೇಜ್ ಸಾರ್ ಎದುರಿಸಬೇಕಾದ ಪ್ರಶ್ನೆಯನ್ನು ಅವಳು ತನ್ನ ಅಡುಗೆಮನೆಯಲ್ಲಿ ಅರೆಯುತ್ತಾ ಕೂತಳು. ಅನ್ಯಾಯ ಯಾವಾಗಲೂ ಹೀಗೇ, ಮಾಡಿದವನ ಮನೆಯಲ್ಲಿ ಒಂದು ರಾತ್ರಿಯೂ ತಂಗುವುದಿಲ್ಲ.

ಒಂದು ರಜೆಯ ದಿನ ನಡೆದೇ ಹೊರಟಳು. ಗೂಟ ದಾಟಿ, ಕೊರಕಲಿನ ಪಕ್ಕದ ಮೋರಿಯ ತನಕ ಹೋಗುವಷ್ಟರಲ್ಲಿ ಮಂಡಿ ಹಿಡಿದುಕೊಂಡಿತು. ಮೋರಿಕಟ್ಟೆಯ ಮೇಲೆ ಕೂತಳು, ಮೇಲಿನ ಮನೆಯ ಹೊಗೆ ನೋಡಿದಳು, ಕಾಲು ಎಳೆಯುತ್ತಾ ಇಳಿದು ಬಂದಳು. ವಾರವಿಡೀ ಊದಿದ ಮಂಡಿ ಹೊತ್ತು ಕೆಲಸ ಮಾಡಿದಳು.

ಫೋನು ಮಾಡಿದರೆ ತಂಗಿ, "ಪರವಾಗಿಲ್ಲ ಅಕ್ಕ, ಇದ್ದಾನೆ," ಎನ್ನುತ್ತಿದ್ದಳು.

"ಕೈ ಬಿಡಿಸ್ತಾ ಇದೀಯಾ?"

"ಹ್ಞೂಂ ಅಕ್ಕ, ನೋಡ್ಕೋತಾ ಇದೀನಿ. ನೀವು ಮಂಡಿ ನೋಡ್ಕೊಳ್ಳಿ."

ಬೇಸರಪಡಿಸಬಾರದು ಎಂದು ನಮ್ಮ ಜನ ಹೇಳುವ ‘ಪರವಾಗಿಲ್ಲ’ದ ಅಡಿಯಲ್ಲಿ ಎಷ್ಟು ನೋವು ಅಡಗಿರುತ್ತದೋ! ಕೈಕಾಲಕ್ಕ ನಂಬಿದಳು. ನಂಬುವುದು ಸುಲಭವಾಗಿತ್ತು. ನಂಬಿದರೆ ಸೈಕಲ್ಲಿನ ಮಾತನ್ನು ಮುಂದೂಡಬಹುದಿತ್ತು. ಹೀಗೆ ಮಳೆಗಾಲ ಕಳೆದು ಬಿಸಿಲು ಬಂತು.

ಕೊನೆಗೊಂದು ದಿನ ಫೋನಿಡುವ ಮುಂಚೆ ತಂಗಿ, "ಅವನು ನಿಮ್ಮನ್ನ ಕೇಳ್ತಾನೇ ಇರ್ತಾನೆ ಅಕ್ಕ," ಎಂದಳು. ಆ ದನಿಯಲ್ಲಿ ಏನೋ ಒಡೆದಿತ್ತು. ಕೈಕಾಲಕ್ಕ ನೆಟ್ಟಗೆ ಸೈಕಲ್ ಅಂಗಡಿಗೆ ನಡೆದಳು.

"ಇವತ್ತೊಂದಿನ ಓಡಿಸಿ ನೋಡಬಹುದಾ?"

"ಮನೆ ಸೊಸೆಯನ್ನೇ ಒಂದು ದಿನಕ್ಕೆ ಕೇಳಿದ ಹಾಗಾಯ್ತು," ಎಂದು ಅಂಗಡಿಯವನು ತಲೆ ಕೆರೆದುಕೊಂಡ. "ಸಂಜೆಯೊಳಗೆ ವಾಪಸ್ ತನ್ನಿ. ಹಿಡಿಸಿದ್ರೆ ಬಿಲ್ ಮಾಡೋಣ."

ಹುಡುಗಿಯಾಗಿದ್ದಾಗ ಕಲಿತ ಸೈಕಲ್ಲು. ಮೊದಲು ಓಲಾಡಿತು, ಆಮೇಲೆ ಒಪ್ಪಿಕೊಂಡಿತು. ಗೂಟಗಳ ನಡುವೆ ನುಸುಳಿ ಏರಿಗೆ ಬಿದ್ದಾಗ ಪೆಡಲಿನ ಕೆಳಗೆ ಯಾರೋ ಕೈಕೊಟ್ಟು ಎತ್ತಿದ ಹಾಗಾಯಿತು. ಮಂಡಿ ಕಿರ್ ಎನ್ನಲಿಲ್ಲ. ಜಲ್ಲಿ ಸಿಡಿಯಿತು, ಕೊರಕಲು ಹಿಂದೆ ಬಿತ್ತು, ತಾನು ಸೋತು ಕೂತಿದ್ದ ಮೋರಿ ಕಣ್ಣು ಮಿಟುಕಿಸುವಷ್ಟರಲ್ಲಿ ದಾಟಿಹೋಯಿತು. ಇಷ್ಟೇನಾ? ಇಷ್ಟು ಸುಲಭವಿತ್ತಾ? ಅವಳಿಗೆ ಅಳು ಉಕ್ಕಿ ಬಂದು ದಾರಿ ಮಂಜಾಯಿತು. ಸೈಕಲ್ಲು ಮಾತ್ರ ಯಾವ ದುಃಖವೂ ಇಲ್ಲದೆ ಹತ್ತುತ್ತಲೇ ಹೋಯಿತು.

ಶೀಟಣ್ಣ ಬಾಗಿಲಿಗೆ ಎದುರಾಗಿ ಕುರ್ಚಿಯಲ್ಲಿ ಕೂತಿದ್ದ. ಮೈ ಇಳಿದಿತ್ತು. ಅವಳನ್ನು ನೋಡಿ ಆಶ್ಚರ್ಯಪಡಲಿಲ್ಲ.

"ಬಂದೆಯಾ," ಎಂದವನು ತಂಗಿಯ ಕಡೆ ತಿರುಗಿ, "ನೀರು ಕಾಯಿಸು," ಎಂದ.

ಕೈಕಾಲಕ್ಕ ಕೂತು ಅವನ ಎಡಗೈಯನ್ನು ಮಡಿಲಿಗೆ ಎಳೆದುಕೊಂಡಳು. ಅದು ಕೈಯಾಗಿ ಉಳಿದಿರಲಿಲ್ಲ. ಮಣಿಕಟ್ಟು ಬಾಗಿ ನಿಂತುಬಿಟ್ಟಿತ್ತು. ಬೆರಳುಗಳು ಬೇರಿನ ಗಂಟಿನಂತೆ ಒಳಗೆ ಹೊಕ್ಕಿದ್ದವು. ಉಗುರು ಅಂಗೈಗೆ ಇಳಿದು ಅಲ್ಲಿಂದ ಹುಣ್ಣಿನ ವಾಸನೆ ಬರುತ್ತಿತ್ತು. ಬಿಸಿನೀರಲ್ಲಿ ನೆನೆಸಿದಳು. ಕಾದಳು. ಮಣಿಕಟ್ಟನ್ನು ಇನ್ನಷ್ಟು ಬಾಗಿಸಿ ಹೆಬ್ಬೆರಳಿಗೆ ಹಾಕಿದಳು. ಅವನು ಹಲ್ಲು ಕಚ್ಚಿದ. ಕಣ್ಣಂಚಿನಿಂದ ನೀರು ಇಳಿಯಿತು, ಹೆಬ್ಬೆರಳು ಕದಲಲಿಲ್ಲ.

"ಬಿಡಿಸ್ತಾ ಇದೀನಿ ಅಂದೆಯಲ್ಲೇ!" ಎಂದು ಅವಳು ತಂಗಿಯ ಮೇಲೆ ಕೂಗಿಬಿಟ್ಟಳು.

ತಂಗಿ ಗೋಡೆಗೆ ಒರಗಿ ನಿಂತಿದ್ದಳು. "ಮುಟ್ಟೋಕೆ ಬಿಡಲಿಲ್ಲ ಅಕ್ಕ. ಮೊದಲ ದಿನವೇ ಕೈ ಕಿತ್ಕೊಂಡ. ‘ಅಕ್ಕ ಬರ್ತೀನಿ ಅಂದಿದ್ದಾಳೆ, ಅವಳೇ ಬಿಡಿಸ್ತಾಳೆ’ ಅಂದ. ಬೈದೆ, ಅತ್ತು ಬೇಡಿದೆ, ಪಕ್ಕದ ಮನೆಯವರನ್ನ ಕರೆದು ಹಿಡಿಸಿದೆ. ಅವರನ್ನ ಕಚ್ಚಿದ. ನಿಮಗೆ ಹೇಳಿದ್ರೆ ಆ ಮಂಡಿ ಎಳ್ಕೊಂಡು ಬರ್ತೀರಿ ಅಂತ ಸುಮ್ಮನಾದೆ. ದಿನಾ ಬೆಳಗ್ಗೆ ಮುಖ ತೊಳ್ಕೊಂಡು ಈ ಕುರ್ಚಿಗೆ ಬಂದು ಕೂರ್ತಾನೆ."

ಕೈಕಾಲಕ್ಕನಿಗೆ ಹೊಸ್ತಿಲ ಮೇಲೆ ಆಡಿದ ಆ ಮಾತು ನೆನಪೇ ಇರಲಿಲ್ಲ. ಹೇಗೆ ಇರುತ್ತದೆ? ಹೊರಡುವಾಗ ನಾವು ‘ಹೋಗುತ್ತೇನೆ’ ಎನ್ನುವುದಿಲ್ಲ. ಹಾಗೆನ್ನುವುದು ಸಾಯುವವರ ಮಾತು ಎಂದು ಎಳೆತನದಲ್ಲೇ ಬಾಯಿಗೆ ಬೀಗ ಹಾಕಿರುತ್ತಾರೆ. ‘ಬರುತ್ತೇನೆ’ ಎಂದು ಹೇಳಿ ಹೋಗುತ್ತೇವೆ, ಮರಳಿ ಬಾರದ ಮನೆಗಳಲ್ಲೂ ಹೇಳುತ್ತೇವೆ. ಅದಕ್ಕೆ ಎರಡು ಅರ್ಥ ಇದೆ ಎಂಬುದೇ ಯಾರಿಗೂ ಹೊಳೆಯುವುದಿಲ್ಲ. ಪ್ರತಿ ಮಾತನ್ನೂ ತೊಳೆದು ಅವನ ಮುಂದಿಟ್ಟವಳು ಆ ಒಂದನ್ನು ತೊಳೆದಿರಲಿಲ್ಲ. ವ್ಯಾನು ಬರುವುದಿಲ್ಲ ಎಂದಿದ್ದಳು, ತಾನು ಬರುವುದಿಲ್ಲ ಎಂದಿರಲಿಲ್ಲ. ಅವನು ಕೇಳಿದ್ದನ್ನು ಕೇಳಿದಷ್ಟೇ ನಂಬಿದ. ಹಗ್ಗ ಕೊಡದವನು, ರಸ್ತೆ ಕಟ್ಟದವರು, ವ್ಯಾನು ನಿಲ್ಲಿಸಿದವನು, ಇವರೆಲ್ಲ ಸೇರಿ ಮಾಡಿದ ಆ ಕೈಯ ಕೊಲೆಗೆ ಕೊನೆಯ ಏಟು ಹಾಕಲು ಅವರಿಗೆ ಸಿಕ್ಕಿದ್ದು ಇವಳ ಬಾಯಿ.

ಅವಳು ಮತ್ತೊಮ್ಮೆ ಹೆಬ್ಬೆರಳಿಗೆ ಕೈ ಹಾಕಿದಳು. ಅವನು ಸಣ್ಣಗೆ ನರಳಿದ. ತಂಗಿ ಬಂದು ಅವಳ ಭುಜದ ಮೇಲೆ ಕೈಯಿಟ್ಟಳು. "ಸಾಕು ಅಕ್ಕ. ಮೊನ್ನೆ ಆಸ್ಪತ್ರೆಯವರೂ ನೋಡಿದ್ರು. ಇನ್ನು ಬಿಚ್ಚಲ್ಲ ಅಂದ್ರು. ಉಗುರಾದ್ರೂ ಕತ್ತರಿಸೋಕೆ ಬಿಡು ಅಂತ ಹೇಳಿ, ನಿಮ್ಮ ಮಾತು ಕೇಳ್ತಾನೆ."

ಕೈಕಾಲಕ್ಕ ಅವನ ಮುಖದ ನೇರಕ್ಕೆ ಬಗ್ಗಿದಳು. ನಿಧಾನವಾಗಿ, ಒಂದೊಂದೇ ಮಾತು ಇಟ್ಟಳು. "ಶೀಟಣ್ಣ. ನಾನು ಈಗ ಹೋಗ್ತೀನಿ. ನಾಳೆ ಬರಲ್ಲ. ಆಮೇಲೂ ಬರಲ್ಲ. ಈ ಕೈ ಇನ್ಮೇಲೆ ನಿನ್ನ ತಂಗಿ ನೋಡ್ಕೋತಾಳೆ."

ತಂಗಿ ಗಾಬರಿಯಿಂದ, "ಹಾಗನ್ನಬೇಡಿ," ಎಂದಳು.

ಶೀಟಣ್ಣ ಕೇಳಿಸಿಕೊಂಡ. "ಸರಿ," ಎಂದ. ಅವಳ ಮಡಿಲಿನಿಂದ ಕೈ ತೆಗೆದು ತಂಗಿಯ ಕಡೆ ಚಾಚಿದ. ಅಷ್ಟೇ. ಅದಕ್ಕೆ ಅಷ್ಟೇ ಸಾಕಾಗಿತ್ತು. ತಂಗಿ ಅಳುತ್ತಾ, ಸಣ್ಣ ಕತ್ತರಿಯಿಂದ, ಸಿಕ್ಕಿದ ಉಗುರುಗಳನ್ನು ಕತ್ತರಿಸತೊಡಗಿದಳು.

ಇಳಿಯುವಾಗ ಕೈಕಾಲಕ್ಕ ಸೈಕಲ್ಲು ಹತ್ತಲಿಲ್ಲ. ಎರಡೂ ಬ್ರೇಕು ಹಿಡಿದು, ಅದರ ಪಕ್ಕ ಕುಂಟುತ್ತಾ ನಡೆದಳು.

ಅಂಗಡಿಯವನು ಕಾಯುತ್ತಿದ್ದ. "ಹತ್ತಿತಾ ಅಕ್ಕ?"

"ಹತ್ತಿತು."

"ನಾನು ಹೇಳಲಿಲ್ವಾ! ನಿಮ್ಮ ಸಾರ್ ಇದೇ ದಾರಿಯಲ್ಲಿ ಹೋಗ್ತಿದ್ರು, ನೀವು ಓಡಿಸೋಕೆ ತಗೊಂಡ್ಹೋದ್ರಿ ಅಂದೆ. ಖುಷಿಯಾದ್ರು. ‘ಇವರು ತಗೊಂಡ್ರೆ ಉಳಿದವರೂ ತಗೋತಾರೆ, ಜಾಸ್ತಿ ತರಿಸಿಡಿ’ ಅಂದ್ರು. ಬಿಲ್ ಯಾರ ಹೆಸರಿಗೆ ಹಾಕಲಿ?"

"ನಂಗೆ ಬೇಡ," ಎಂದಳು ಅವಳು.

"ಯಾಕಕ್ಕ, ಏನು ತೊಂದರೆ ಕೊಡ್ತು?"

"ಅದೇನೂ ತೊಂದರೆ ಕೊಡಲಿಲ್ಲಪ್ಪ. ಅದರದ್ದು ತಪ್ಪಿಲ್ಲ." ಟೈರಿಗೆ ಮೆತ್ತಿದ್ದ ಕೆಂಪು ಮಣ್ಣನ್ನು ಅಲ್ಲೇ ಇದ್ದ ಚಿಂದಿಯಿಂದ ಒರೆಸಿ ಕೊಟ್ಟಳು.

ಮನೆಯಲ್ಲಿ ನಾದಿನಿಯ ಫೋನಿಗೆ ಮೆಸೇಜ್ ಸಾರ್‌ನ ಮೆಸೇಜು ಆಗಲೇ ಬಂದಿತ್ತು. ಅವಳು ಬಾಗಿಲಲ್ಲೇ ನಿಂತಿದ್ದಳು, ಮುಖ ಬಿಳಿಚಿತ್ತು. "ತಗೊಂಡ್ರಂತೆ ಅತ್ತಿಗೆ?"

"ಇಲ್ಲ."

ನಾದಿನಿಯ ಉಸಿರು ಹಿಂತಿರುಗಿತು. "ನನಗೋಸ್ಕರ ಬಿಟ್ರಾ?"

"ನಿನಗೋಸ್ಕರ ಅಂದ್ರೆ ನಾಳೆ ನಿನ್ನ ಮೇಲೆ ಸಿಟ್ಟು ಬರುತ್ತೆ. ಕೇಳಬೇಡ." ಅಷ್ಟು ಹೇಳಿ ಕೈಕಾಲಕ್ಕ ಚೀಲ ಕೆಳಗಿಟ್ಟು ನೆಲದ ಮೇಲೇ ಕುಸಿದಳು. ಆಮೇಲೆ ಬಿಕ್ಕಳಿಕೆಗಳ ನಡುವೆ ಎಲ್ಲ ಹೇಳಿದಳು. ಗಂಡ ಕೆಲಸದಿಂದ ಬಂದವನು ಬೂಟು ಬಿಚ್ಚದೆ ಬಾಗಿಲ ಬಳಿಯೇ ನಿಂತ.

ಬೆಳಗ್ಗೆ ವ್ಯಾನು ಬಂತು. ಮುಂದಿನ ಸೀಟಿನಿಂದ ಮೆಸೇಜ್ ಸಾರ್ ತಿರುಗಿ, "ಎಲ್ಲಿ ಹೊಸ ಗಾಡಿ?" ಎಂದ. ಅವನು ಮತ್ತೆ ಫೋನು ನೋಡತೊಡಗಿದ. ವ್ಯಾನು ದಿಬ್ಬದ ಬುಡದ ರಸ್ತೆಗೆ ತಿರುಗುವ ಮುಂಚೆ ನಾದಿನಿ, "ಆ ಕಡೆ ಸರೀರಿ ಅತ್ತಿಗೆ, ನಂಗೆ ಗಾಳಿ ಬೇಕು," ಎಂದು ಅತ್ತಿಗೆಯನ್ನು ಒಳಗೆ ಸರಿಸಿ ತಾನು ಕಿಟಕಿಯ ಪಕ್ಕ ಕೂತಳು. ಕಿಟಕಿ ತೆರೆಯಲಿಲ್ಲ. ಸರಿಯಿಲ್ಲದ ಸೊಂಟವನ್ನು ಆದಷ್ಟು ನೆಟ್ಟಗೆ ಮಾಡಿಕೊಂಡು, ಅತ್ತಿಗೆಯ ಕಣ್ಣಿಗೆ ದಿಬ್ಬ ಪೂರ್ತಿ ಮರೆಯಾಗುವಂತೆ ಕೂತಳು.